ಪಾಕೀಟು, ಗಂಟೆ, ಕ್ವಿಂಟಲ್: ಪ್ರಯೋಗಾಲಯದಿಂದ ಸಿಂಧನೂರಿನ ದಾರಿ

ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ವಿದ್ಯೆ ಹುಟ್ಟಿದ ರೂಪದಲ್ಲೇ ಯಾರ ಕೈಗೂ ಬರುವುದಿಲ್ಲ. ಅದನ್ನು ಮೊದಲು ಯಂತ್ರವನ್ನಾಗಿಯೋ ಬೀಜವನ್ನಾಗಿಯೋ ಮಾಡಬೇಕು, ಆಮೇಲೆ ಅದಕ್ಕೆ ಬೆಲೆ ಕಟ್ಟಬೇಕು, ಕೊನೆಗೆ ಆ ಬೆಲೆಯನ್ನು ಕೊಳ್ಳುವವರ ಶಕ್ತಿಗೆ ತಕ್ಕಂತೆ ಸಣ್ಣ ಅಳತೆಗಳಲ್ಲಿ ಹಂಚಬೇಕು. ಮೊದಲೆರಡು ಕೆಲಸಗಳ ಕಥೆ ಎಲ್ಲ ಕಡೆ ದಾಖಲಾಗಿದೆ. ಮೂರನೆಯದು ನಡೆಯುವುದು ಬೀಜದ ಅಂಗಡಿಯಲ್ಲಿ, ರೈಸ್ ಮಿಲ್ಲಿನಲ್ಲಿ, ಟ್ರ್ಯಾಕ್ಟರ್ ಬಾಡಿಗೆಗೆ ಬಿಡುವವರ ಅಂಗಳದಲ್ಲಿ. ಒಂದು ಸಂಶೋಧನೆ ಸಾಮಾನ್ಯರ ಬಳಕೆಗೆ ಬಂತೋ ಇಲ್ಲವೋ ಎಂಬುದು ತೀರ್ಮಾನವಾಗುವುದೂ ಬಹುಮಟ್ಟಿಗೆ ಅಲ್ಲೇ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಸಿಂಧನೂರಿಗೆ ತುಂಗಭದ್ರಾ ಎಡದಂಡೆ ನಾಲೆಯ ನೀರಿದೆ. ಭತ್ತ, ಅಕ್ಕಿ ಗಿರಣಿ, ನಾಲೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಅಲ್ಲಿನ ಲಕ್ಷಣ. ಲಿಂಗಸುಗೂರಿನ ಕಡೆಗೆ ಹೋದಂತೆ ನೀರು ಕಡಿಮೆಯಾಗುತ್ತದೆ. ನಾರಾಯಣಪುರ ಬಲದಂಡೆ ನಾಲೆ ಮುಟ್ಟಿದಷ್ಟು ಜಾಗ ಬಿಟ್ಟರೆ ಉಳಿದದ್ದು ಮಳೆ ನೆಚ್ಚಿದ ಎರೆಭೂಮಿ, ಅದರ ನಡುವೆ ಹಟ್ಟಿಯ ಚಿನ್ನದ ಗಣಿ. ಮಸ್ಕಿ ಎರಡರ ನಡುವಿನದು. ನೀರಾವರಿಯೂ ಒಣ ಬೇಸಾಯವೂ ಇಷ್ಟು ಹತ್ತಿರ ಹತ್ತಿರ ಇರುವುದರಿಂದ, ಒಂದೇ ತಂತ್ರಜ್ಞಾನ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋತದ್ದಕ್ಕೆ ಕಾರಣ ಹುಡುಕುವುದು ಇಲ್ಲಿ ಸುಲಭ.

ಭತ್ತದ ಗದ್ದೆಯಲ್ಲಿ ಈಗ ಮಾಮೂಲಾಗಿರುವ ಲೇಸರ್ ಲೆವೆಲರ್‌ನ ಮೂಲ ಒಂದು ವಿಮಾನ ಕಂಪನಿಯಲ್ಲಿದೆ. 1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿರುವ ಹ್ಯೂಸ್ ರಿಸರ್ಚ್ ಲ್ಯಾಬೊರೇಟರೀಸ್‌ನಲ್ಲಿ ಥಿಯೊಡರ್ ಮೈಮನ್ ಕೃತಕ ಮಾಣಿಕ್ಯದ ಕಡ್ಡಿಯೊಂದರಿಂದ ಮೊದಲ ಲೇಸರ್ ಕಿರಣ ಹೊರಡಿಸಿದರು. ಅದರಿಂದ ಏನು ಮಾಡಬೇಕೆಂಬುದು ಆಗ ಯಾರಿಗೂ ಸ್ಪಷ್ಟವಿರಲಿಲ್ಲ. ಉತ್ತರವಿದೆ, ಪ್ರಶ್ನೆಯನ್ನು ಹುಡುಕಬೇಕಾಗಿದೆ ಎಂದು ವಿಜ್ಞಾನಿಗಳೇ ತಮಾಷೆ ಮಾಡುತ್ತಿದ್ದರು. ಪ್ರಶ್ನೆ ಒದಗಿಸಿದವರಲ್ಲಿ ಕಟ್ಟಡ ಮತ್ತು ಮಣ್ಣು ಕೆಲಸದವರು ಮುಂದಿದ್ದರು. ಅಮೆರಿಕದ ಒಹಾಯೊ ರಾಜ್ಯದ ಡೇಟನ್‌ನಲ್ಲಿ ಲೇಸರ್‌ಪ್ಲೇನ್ ಎಂಬ ಕಂಪನಿ, ತಿರುಗುವ ಕಿರಣದಿಂದ ನೆಲದ ಮೇಲೆ ಕಣ್ಣಿಗೆ ಕಾಣದ ಒಂದು ಸಮತಲವನ್ನು ಹಾಸಿ, ಅದಕ್ಕೆ ಸರಿಯಾಗಿ ಯಂತ್ರದ ಅಲಗನ್ನು ಏರಿಳಿಸುವ ವ್ಯವಸ್ಥೆಯನ್ನು ಮಾರಾಟಕ್ಕೆ ತಂದಿತು.

ಗದ್ದೆಯಲ್ಲಿ ಅದರ ಕೆಲಸ ಸರಳ. ಬದುವಿನ ಮೇಲೆ ಮೂರು ಕಾಲಿನ ಸ್ಟ್ಯಾಂಡಿನಲ್ಲಿ ಕಿರಣ ಬಿಡುವ ಪೆಟ್ಟಿಗೆ ನಿಲ್ಲುತ್ತದೆ. ಟ್ರ್ಯಾಕ್ಟರಿನ ಹಿಂದಿನ ಬಕೆಟ್ಟಿಗೆ ಒಂದು ಕಂಬ, ಕಂಬದ ತುದಿಯಲ್ಲಿ ಕಿರಣ ಹಿಡಿಯುವ ಸಾಧನ. ಬಕೆಟ್ ದಿಬ್ಬದ ಮೇಲೆ ಬಂದಾಗ ಕಿರಣ ಕಂಬದ ಕೆಳಭಾಗಕ್ಕೆ ತಾಗುತ್ತದೆ, ಹೈಡ್ರಾಲಿಕ್ ವಾಲ್ವ್ ಬಕೆಟ್ಟನ್ನು ಇಳಿಸಿ ಮಣ್ಣು ಕೆರೆಯುತ್ತದೆ. ತಗ್ಗಿನಲ್ಲಿ ಬಕೆಟ್ ಮೇಲೆದ್ದು ಮಣ್ಣು ಬಿಡುತ್ತದೆ. ಚಾಲಕ ಸ್ಟೀರಿಂಗ್ ಹಿಡಿದಿದ್ದರೆ ಸಾಕು. ನೀರು ನಿಲ್ಲಿಸಿ ಹಲಗೆ ಹೊಡೆದು ಕಣ್ಣಳತೆಯಲ್ಲಿ ಮಟ್ಟ ಮಾಡಿದ ಮಡಿಗಿಂತ ಇದು ಹೆಚ್ಚು ಕರಾರುವಾಕ್ಕು: ಏರುತಗ್ಗು ಎರಡು ಸೆಂಟಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ತಗ್ಗಿನ ಮೂಲೆಯಲ್ಲಿ ಮೊಣಕಾಲುದ್ದ ನೀರು, ದಿಬ್ಬದಲ್ಲಿ ಒಣ ನೆಲ ಎಂಬ ಸ್ಥಿತಿ ತಪ್ಪಿದರೆ ನೀರಿನ ಬಳಕೆಯಲ್ಲಿ ಶೇ 20ರಿಂದ 30ರಷ್ಟು ಉಳಿಯುತ್ತದೆ ಎಂದು ಪ್ರಯೋಗಗಳ ವರದಿಗಳು ಹೇಳುತ್ತವೆ. ಎಡದಂಡೆ ನಾಲೆಯ ಕೊನೆಭಾಗಕ್ಕೆ ಇದು ಸಣ್ಣ ಮಾತಲ್ಲ. ಸಸಿ ನಾಟಿ ಬಿಟ್ಟು ಕೂರಿಗೆಯಲ್ಲಿ ಭತ್ತ ಬಿತ್ತುವವರಿಗಂತೂ ಸಮತಟ್ಟಾದ ನೆಲವೇ ಮೊದಲ ಅಗತ್ಯ. ಇಲ್ಲವಾದರೆ ತಗ್ಗಿನಲ್ಲಿ ಬೀಜ ಕೊಳೆಯುತ್ತದೆ, ದಿಬ್ಬದಲ್ಲಿ ಕಳೆ ಗೆಲ್ಲುತ್ತದೆ.

ಭಾರತಕ್ಕೆ ಈ ಯಂತ್ರ 2001ರ ಹೊತ್ತಿಗೆ ಪಶ್ಚಿಮ ಉತ್ತರ ಪ್ರದೇಶದ ಮೂಲಕ ಬಂತು. ಅದರ ಬೆಲೆ, ಅದನ್ನು ಎಳೆಯಲು ಬೇಕಾದ ದೊಡ್ಡ ಟ್ರ್ಯಾಕ್ಟರಿನ ಬೆಲೆ ಎರಡನ್ನೂ ಕೂಡಿಸಿದರೆ ಐದೆಕರೆಯ ರೈತ ಕೊಳ್ಳುವ ಮಾತೇ ಇರಲಿಲ್ಲ. ಒಮ್ಮೆ ಮಟ್ಟ ಮಾಡಿದ ಹೊಲಕ್ಕೆ ಮತ್ತೆ ಎರಡು ಮೂರು ವರ್ಷ ಅದರ ಕೆಲಸವೂ ಇಲ್ಲ. ಕೊಳ್ಳಲಾರದ, ಕೊಂಡರೂ ಸುಮ್ಮನೆ ನಿಲ್ಲುವ ಯಂತ್ರವನ್ನು ಬಳಕೆಯ ವಸ್ತುವನ್ನಾಗಿ ಮಾಡಿದ್ದು ಗಂಟೆಯ ಬಾಡಿಗೆ. ಸ್ವಂತ ಟ್ರ್ಯಾಕ್ಟರ್ ಇದ್ದವರು ಲೆವೆಲರ್ ತಂದು ಊರೂರು ಸುತ್ತಿದರು. ರಾಜ್ಯ ಸರ್ಕಾರ 2014–15ರ ನಂತರ ಹೋಬಳಿ ಮಟ್ಟದಲ್ಲಿ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರಗಳನ್ನು ತೆರೆಯಿತು. ಹ್ಯೂಸ್ ಕಂಪನಿಯ ವಿಜ್ಞಾನಿ ಬಿಟ್ಟ ಕೆಲಸವನ್ನು ಇಲ್ಲಿ ಮುಗಿಸಿದವರು ಗಂಟೆಗೆ ಇಷ್ಟು ಎಂದು ದರ ಹೇಳಿದ ಟ್ರ್ಯಾಕ್ಟರ್ ಮಾಲೀಕರು.

ಗದ್ದೆ ದಾಟಿ ಗಿರಣಿಗೆ ಬಂದರೆ ಇನ್ನೊಂದು ಪ್ರಯೋಗಾಲಯದ ಗುರುತು ಸಿಗುತ್ತದೆ. ಸಿಂಧನೂರಿನಂಥ ಕಡೆ ತಯಾರಾಗುವ ಸೋನಾ ಮಸೂರಿ ಅಕ್ಕಿ ಚೀಲಗಳ ಮೇಲೆ ‘ಸಾರ್ಟೆಕ್ಸ್’ ಎಂಬ ಮುದ್ರೆ ಸಾಮಾನ್ಯ. ಅಕ್ಕಿಯ ಜಾತಿಯೆಂದೇ ಹಲವರು ತಿಳಿದಿರುವ ಅದು 1947ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಂಪನಿಯ ಹೆಸರು. ಬಟಾಣಿ, ಬೀನ್ಸ್ ಕಾಳುಗಳನ್ನು ಬಣ್ಣದ ಮೇಲೆ ಬೇರ್ಪಡಿಸುವ ಯಂತ್ರ ಅದರ ಸರಕು. 1993ರಲ್ಲಿ ಸ್ವಿಟ್ಜರ್ಲೆಂಡಿನ ಬ್ಯೂಲರ್ ಅದನ್ನು ಕೊಂಡಿತು. ಆರಂಭದ ಯಂತ್ರಗಳಲ್ಲಿದ್ದದ್ದು ಬರಿಯ ಫೋಟೊಸೆಲ್, ಬೆಳಕು ಹೆಚ್ಚೋ ಕಡಿಮೆಯೋ ಎಂದಷ್ಟೇ ಹೇಳಬಲ್ಲ ಕಣ್ಣು. ದಪ್ಪ ಕಾಳಿಗೆ ಅದು ಸಾಕಿತ್ತು. ಅಕ್ಕಿಯಂಥ ಸಣ್ಣ ಕಾಳಿನ ಮೇಲಿನ ಕಪ್ಪು ಚುಕ್ಕೆ ಹಿಡಿಯಲು ಚಿತ್ರ ಕಾಣುವ ಕಣ್ಣು ಬೇಕಾಗಿತ್ತು.

ಆ ಕಣ್ಣು ಸಿಸಿಡಿ. ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಆ್ಯಂಡ್ ಟಿಯ ಬೆಲ್ ಲ್ಯಾಬ್ಸ್‌ನಲ್ಲಿ 1969ರ ಅಕ್ಟೋಬರಿನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅದರ ನಕ್ಷೆ ಹಾಕಿದರು. ಅವರು ಹೊರಟಿದ್ದು ಕಂಪ್ಯೂಟರಿಗೆ ಹೊಸ ಬಗೆಯ ಸ್ಮರಣಕೋಶ ಮಾಡಲು. ಸಿಕ್ಕಿದ್ದು ಬೆಳಕನ್ನು ವಿದ್ಯುತ್ತಾಗಿ ಹಿಡಿದಿಟ್ಟು ಸಾಲಾಗಿ ಓದಿಸುವ ಚಿಪ್. 1915ರಲ್ಲಿ ಹೈದರಾಬಾದ್ ಸಂಸ್ಥಾನದಲ್ಲಿ ಚಿನ್ನದ ಅದಿರು ಅರಸುತ್ತ ಬಂದ ಎಂಜಿನಿಯರ್ ಬೀಡನ್‌ಗೆ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನ ಕಂಡಂತೆಯೇ ಇದು. ಸಿಸಿಡಿ ಸಂಶೋಧನೆಗೆ 2009ರ ಭೌತವಿಜ್ಞಾನ ನೊಬೆಲ್‌ನ ಪಾಲು ಬಂತು, ಆದರೆ ಕ್ಯಾಮೆರಾದ ವ್ಯಾಪಾರ ಬೆಲ್‌ನದಾಗಲಿಲ್ಲ. 1956ರಲ್ಲಿ ಅಮೆರಿಕ ಸರ್ಕಾರದೊಂದಿಗೆ ಆದ ಒಪ್ಪಂದದ ಪ್ರಕಾರ ಎಟಿ ಆ್ಯಂಡ್ ಟಿ ದೂರಸಂಪರ್ಕ ಬಿಟ್ಟು ಬೇರೆ ದಂಧೆಗೆ ಕೈಹಾಕುವಂತಿರಲಿಲ್ಲ, ತನ್ನ ಪೇಟೆಂಟುಗಳ ಲೈಸೆನ್ಸನ್ನು ಕೇಳಿದವರಿಗೆ ಕೊಡಬೇಕಿತ್ತು. ಫೇರ್‌ಚೈಲ್ಡ್ ಚಿಪ್ ಮಾರಿತು, ಜಪಾನಿನ ಸೋನಿ ವರ್ಷಗಟ್ಟಲೆ ಹಣ ಸುರಿದು ಕ್ಯಾಮೆರಾ ಮಾಡಿತು. ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಕಟ್ಟಿದ್ದರೂ ಫಿಲ್ಮಿನ ಲಾಭ ಬಿಡಲಾರದ ಆ ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಕಂಡುಹಿಡಿದವರೇ ಉಂಡವರಾಗುವುದು ಈ ಕ್ಷೇತ್ರದಲ್ಲಿ ಅಪರೂಪ.

ಗಿರಣಿಯಲ್ಲಿ ಭತ್ತ ಹಸನಾಗಿ, ರಬ್ಬರ್ ರೋಲಿನಲ್ಲಿ ಹೊಟ್ಟು ಬಿಟ್ಟು, ಪಾಲಿಶ್ ಆಗಿ, ನುಚ್ಚು ಬೇರ್ಪಟ್ಟ ಮೇಲೆ ಅಕ್ಕಿ ಈ ಯಂತ್ರದ ತಲೆಗೆ ಏರುತ್ತದೆ. ಅಲ್ಲಿಂದ ಇಳಿಜಾರಿನ ಸಾಲುಗಾಲುವೆಗಳಲ್ಲಿ ಜಾರಿ ಬೀಳುವ ಕಾಳುಗಳನ್ನು ಎರಡೂ ಬದಿಯ ಕ್ಯಾಮೆರಾಗಳು ನೋಡುತ್ತವೆ. ಕಪ್ಪು ಕಾಳು, ಹಳದಿ ಕಾಳು, ಬಿಳಿ ಹರಳು ಕಂಡರೆ ಅದು ಕೆಳಗೆ ಬೀಳುವ ಅರೆಕ್ಷಣದೊಳಗೆ ಸಣ್ಣ ನಳಿಕೆಯೊಂದು ಗಾಳಿ ಊದಿ ಆ ಕಾಳನ್ನಷ್ಟೇ ಪಕ್ಕಕ್ಕೆ ತಳ್ಳುತ್ತದೆ. ಸೆಕೆಂಡಿಗೆ ಸಾವಿರಾರು ಕಾಳುಗಳ ಲೆಕ್ಕದಲ್ಲಿ ಇದು ದಿನವಿಡೀ ನಡೆಯುತ್ತದೆ. ಪ್ರಯೋಗಾಲಯದವರು ಎಣಿಸದ ಶತ್ರು ಇಲ್ಲಿದೆ: ತೌಡಿನ ದೂಳು. ಅದು ಕ್ಯಾಮೆರಾದ ಗಾಜಿಗೆ ಮೆತ್ತುತ್ತದೆ, ನಳಿಕೆ ಕಟ್ಟಿಕೊಳ್ಳುವಂತೆ ಮಾಡುತ್ತದೆ. ಗಾಜು ಒರೆಸುವ ಪುಟ್ಟ ವೈಪರ್, ತೇವ ತೆಗೆದ ಗಾಳಿ ಕೊಡುವ ಕಂಪ್ರೆಸರ್, ವೋಲ್ಟೇಜ್ ಏರಿಳಿತ ತಡೆಯುವ ಸ್ಟೆಬಿಲೈಸರ್, ಇವು ಸೇರಿದ ಮೇಲಷ್ಟೇ ಚಿಪ್ ಗಿರಣಿಯ ಯಂತ್ರವಾಯಿತು. ಚೀನಾದ ಹೆಫೆಯ್ ನಗರದ ತಯಾರಕರು ಕಣಕ್ಕಿಳಿದು ಬೆಲೆ ಇಳಿದಾಗ ಮಧ್ಯಮ ಗಿರಣಿಗಳಿಗೂ ಅದು ಎಟುಕಿತು.

ಯಂತ್ರ ಕೊಂಡವರು ಗಿರಣಿ ಮಾಲೀಕರು, ಆದರೆ ನಿಜವಾದ ಬಳಕೆದಾರರು ಅಡುಗೆಮನೆಯಲ್ಲಿದ್ದಾರೆ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು, ಹುಲ್ಲುಬೀಜ ಆರಿಸುವ ಕೆಲಸ ಒಂದು ತಲೆಮಾರಿನ ಹಿಂದೆ ಪ್ರತಿ ಮನೆಯ ಹೆಂಗಸರ ದಿನಚರಿಯಾಗಿತ್ತು. ಈಗ ಚೀಲ ಬಿಚ್ಚಿ ತೊಳೆದು ಒಲೆಗಿಡುವುದೇ ಸರಿ. ಈ ಬಿಡುವಿಗೆ ಅವರು ತೆರುತ್ತಿರುವುದು ಕ್ವಿಂಟಲ್ ಬೆಲೆಯಲ್ಲಿ ಕರಗಿಹೋದ, ಬೇರೆಯಾಗಿ ಕಾಣದ ಒಂದು ಪಾಲು. ಬಳಸುವವರಿಗೆ ತಾವು ಬಳಸುತ್ತಿದ್ದೇವೆಂಬುದೇ ಗೊತ್ತಿಲ್ಲದಷ್ಟು ಚೆನ್ನಾಗಿ ಹಂಚಿಹೋದ ತಂತ್ರಜ್ಞಾನ ಇದು. ಕಾಳು ಹಸನು ಮಾಡಿ ಕೂಲಿ ಪಡೆಯುತ್ತಿದ್ದ ಹೆಂಗಸರ ಕೆಲಸ ಹೋಯಿತೆಂಬುದನ್ನೂ ಇದೇ ಲೆಕ್ಕದ ಇನ್ನೊಂದು ಬದಿಯಲ್ಲಿ ಬರೆಯಬೇಕು.

ಮೂರನೆಯ ಉದಾಹರಣೆಯಲ್ಲಿ ಕಂಪನಿ ತೆರೆಯ ಹಿಂದಿರಲಿಲ್ಲ. 1998ರ ನವೆಂಬರ್ ಕೊನೆಯಲ್ಲಿ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಮುಂದಾಳುತನದಲ್ಲಿ ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹತ್ತಿ ಗಿಡಗಳನ್ನು ಕಿತ್ತು ಸುಟ್ಟರು. ಅದು ಮಾನ್ಸಾಂಟೊ ಮತ್ತು ಮಹಿಕೊ ಕಂಪನಿಗಳ ಬಿಟಿ ಹತ್ತಿಯ ಪ್ರಯೋಗದ ತಾಕು. ‘ಮಾನ್ಸಾಂಟೊ ದಹನ’ ಎಂಬ ಆ ಚಳವಳಿಯ ಸುದ್ದಿ ಜಗತ್ತಿನಾದ್ಯಂತ ಹೋಯಿತು. ಮೊಳೆಯದ ಬೀಜ ಕೊಡುವ ‘ಟರ್ಮಿನೇಟರ್’ ವಂಶವಾಹಿ ಅದರಲ್ಲಿದೆ ಎಂಬ ಭಯ ಆಗ ಹಬ್ಬಿತ್ತು. ಅಂಥ ತಂತ್ರಕ್ಕೆ ಅದೇ ವರ್ಷ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ, ಸಿಂಧನೂರಿನ ಗಿಡದಲ್ಲಿ ಅದು ಇರಲಿಲ್ಲ. ಆದರೆ ರೈತ ಸಂಘದ ಮೂಲ ತಕರಾರು, ಬೀಜ ಯಾರ ಕೈಯಲ್ಲಿರಬೇಕು ಎಂಬುದು, ಭಯ ಸುಳ್ಳಾದ ಮಾತ್ರಕ್ಕೆ ಸುಳ್ಳಾಗಲಿಲ್ಲ.

ಗಿಡದಲ್ಲಿ ಇದ್ದದ್ದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಒಂದು ವಂಶವಾಹಿ. ಅದು ತಯಾರಿಸುವ ಪ್ರೋಟೀನ್ ಕಾಯಿಕೊರಕ ಹುಳದ ಕರುಳಿಗೆ ಅಂಟಿ ತೂತು ಮಾಡುತ್ತದೆ, ಹುಳ ತಿನ್ನುವುದನ್ನು ನಿಲ್ಲಿಸಿ ಸಾಯುತ್ತದೆ. ಈ ಬ್ಯಾಕ್ಟೀರಿಯಾವನ್ನು ಮೊದಲು ಗುರುತಿಸಿದ್ದು 1901ರಲ್ಲಿ ಜಪಾನಿನ ಇಶಿವಾಟಾ. ಅದರ ವಂಶವಾಹಿಯನ್ನು ಗಿಡದೊಳಗೆ ಕೂರಿಸುವ ವಿದ್ಯೆಯನ್ನು 1980ರ ದಶಕದಲ್ಲಿ ಕಂಪನಿಗಳು ಬೆಳೆಸಿದವು; ಅಮೆರಿಕದಲ್ಲಿ ಬಿಟಿ ಹತ್ತಿ 1996ರಲ್ಲಿ ಮಾರುಕಟ್ಟೆಗೆ ಬಂತು. ಭಾರತದಲ್ಲಿ 2002ರ ಮಾರ್ಚಿನಲ್ಲಿ ಮಹಿಕೊದ ಮೂರು ಹೈಬ್ರಿಡ್‌ಗಳಿಗೆ ಒಪ್ಪಿಗೆ ಸಿಕ್ಕಿತು, ಎರಡು ವಂಶವಾಹಿಗಳ ಬೋಲ್‌ಗಾರ್ಡ್–2 ಬಂದದ್ದು 2006ರಲ್ಲಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ದೇಶದ ಹತ್ತಿ ಹೊಲದ ಶೇ 90ಕ್ಕೂ ಹೆಚ್ಚು ಭಾಗ ಬಿಟಿಯದಾಗಿತ್ತು. ತಾಕು ಸುಟ್ಟ ತಾಲ್ಲೂಕೂ ಇದರಿಂದ ಹೊರಗೆ ಉಳಿಯಲಿಲ್ಲ. ಕಾರಣ ಸೋಜಿಗದ್ದೇನಲ್ಲ. ವಾರಕ್ಕೊಮ್ಮೆ ಕ್ರಿಮಿನಾಶಕ ಹೊಡೆದರೂ ಹಸಿರು ಕಾಯಿಕೊರಕ ಸಾಯದೆ ಅಂಗಡಿಯ ಉದ್ರಿ ಬೆಳೆಯುತ್ತಿದ್ದ ಕಾಲ ಅದು. ಬೀಜವನ್ನೇ ಔಷಧವಾಗಿಸಿದ ಪಾಕೀಟು ಆ ಖರ್ಚನ್ನು ಕಣ್ಣೆದುರೇ ಇಳಿಸಿತು. ಹೊಸ ಯಂತ್ರ ಬೇಡ, ಹೊಸ ಕಲಿಕೆ ಬೇಡ, ಬಿತ್ತಿದರಾಯಿತು. ಇಷ್ಟು ಕಡಿಮೆ ಶ್ರಮ ಕೇಳಿದ ತಂತ್ರಜ್ಞಾನ ಈ ಸೀಮೆ ಮತ್ತೊಂದನ್ನು ಕಂಡಿಲ್ಲ.

ಪಾಕೀಟಿನ ತೂಕ ಆಗ 450 ಗ್ರಾಂ. ಮೊದಮೊದಲು ಬೆಲೆ ಸುಮಾರು 1,600 ರೂಪಾಯಿ, ಅದರಲ್ಲಿ ಹೆಚ್ಚಿನ ಪಾಲು ವಂಶವಾಹಿಯ ಮಾಲೀಕರಿಗೆ ಸಲ್ಲುವ ಶುಲ್ಕ. 2006ರಲ್ಲಿ ಆಂಧ್ರ ಪ್ರದೇಶ ಸರ್ಕಾರ ಇದರ ವಿರುದ್ಧ ಏಕಸ್ವಾಮ್ಯ ನಿಯಂತ್ರಣ ಆಯೋಗದ ಮೆಟ್ಟಿಲೇರಿದ ಮೇಲೆ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು. 2016ರಿಂದ ಕೇಂದ್ರವೇ ದರ ಕಟ್ಟತೊಡಗಿತು: ಬೋಲ್‌ಗಾರ್ಡ್–2ಕ್ಕೆ 800 ರೂಪಾಯಿ, ಶುಲ್ಕ 49 ರೂಪಾಯಿ. ಶುಲ್ಕ ವರ್ಷವರ್ಷಕ್ಕೆ ಕರಗಿ 2020ಕ್ಕೆ ಸೊನ್ನೆಯಾಯಿತು. ಮಾನ್ಸಾಂಟೊ ಅಷ್ಟರಲ್ಲಿ, 2018ರಲ್ಲಿ, ಬೇಯರ್‌ಗೆ ಮಾರಾಟವಾಗಿತ್ತು. ಕಂಪನಿಗಳು ಈ ದರ ನಿಯಂತ್ರಣವನ್ನು ಸಂಶೋಧನೆಗೆ ಬಿದ್ದ ಪೆಟ್ಟೆಂದವು, ರೈತ ಸಂಘಟನೆಗಳು ನ್ಯಾಯವೆಂದವು. ಎರಡರಲ್ಲೂ ಸ್ವಲ್ಪ ಹುರುಳಿದೆ. ಬಿಟಿ ಹತ್ತಿಯ ನಂತರ ಆ ದರ್ಜೆಯ ಹೊಸ ಹತ್ತಿ ತಂತ್ರ ಭಾರತದ ಅಂಗಡಿಗೆ ಕಾನೂನುಬದ್ಧವಾಗಿ ಬಂದಿಲ್ಲ.

ಬೆಲೆಗಿಂತ ಆಳವಾದ ತೊಡಕು ಪಾಕೀಟಿನ ರೂಪದಲ್ಲೇ ಇತ್ತು. ಅಮೆರಿಕದಲ್ಲೂ ಚೀನಾದಲ್ಲೂ ಬಿಟಿ ಹತ್ತಿ ಹೆಚ್ಚಾಗಿ ಸಾಮಾನ್ಯ ತಳಿಗಳಲ್ಲಿ ಬಂತು. ಭಾರತದಲ್ಲಿ ಹೈಬ್ರಿಡ್‌ಗಳಲ್ಲೇ ಬಂತು. ಹೈಬ್ರಿಡ್ ಹತ್ತಿ ಇಲ್ಲಿಗೆ ಹೊಸದಲ್ಲ, 1972ರಲ್ಲೇ ಧಾರವಾಡದಲ್ಲಿ ಬಿ.ಎಚ್. ಕಟರಕಿ ‘ವರಲಕ್ಷ್ಮಿ’ಯನ್ನು ಕೊಟ್ಟಿದ್ದರು. ಕಂಪನಿಗೆ ಹೈಬ್ರಿಡ್‌ನ ಅನುಕೂಲವೆಂದರೆ ರೈತ ಬೀಜ ಎತ್ತಿಟ್ಟುಕೊಳ್ಳಲಾರ, ಪ್ರತಿ ಮುಂಗಾರಿಗೂ ಅಂಗಡಿಗೆ ಬರಲೇಬೇಕು. ವಿಜ್ಞಾನದ ಒತ್ತಾಯವಲ್ಲದ, ವ್ಯಾಪಾರದ ಆಯ್ಕೆಯಾದ ಈ ರೂಪಕ್ಕೆ ಜೀವವಿಜ್ಞಾನ ದಂಡ ಹಾಕಿತು. ಹೈಬ್ರಿಡ್ ಗಿಡದ ಕಾಯಿಯೊಳಗಿನ ಬೀಜಗಳೆಲ್ಲ ಒಂದೇ ತೆರನಾಗಿರುವುದಿಲ್ಲ. ಒಂದು ವಂಶವಾಹಿಯ ಲೆಕ್ಕದಲ್ಲಿ ನಾಲ್ಕರಲ್ಲೊಂದಕ್ಕೆ ವಿಷವೇ ಇರುವುದಿಲ್ಲ. ಬೀಜ ತಿಂದು ಬದುಕುವ ಗುಲಾಬಿ ಕಾಯಿಕೊರಕಕ್ಕೆ ಇದು ವಿಷವನ್ನು ಸ್ವಲ್ಪಸ್ವಲ್ಪವೇ ರೂಢಿ ಮಾಡಿಸುವ ಶಾಲೆಯಾಯಿತು.

ಇದನ್ನು ತಡೆಯಲೆಂದೇ ಪಾಕೀಟಿನೊಳಗೆ ಇನ್ನೊಂದು ಪಾಕೀಟು ಇರುತ್ತಿತ್ತು, 120 ಗ್ರಾಂ ಬಿಟಿಯಲ್ಲದ ಬೀಜ. ಹೊಲದ ಸುತ್ತ ಅದನ್ನು ಬಿತ್ತಬೇಕು, ಅಲ್ಲಿ ಬೆಳೆದ ಸಾಧಾರಣ ಹುಳಗಳು ವಿಷ ತಡೆದುಕೊಂಡ ಹುಳಗಳೊಂದಿಗೆ ಕೂಡಿ ಪ್ರತಿರೋಧ ತೆಳುವಾಗಬೇಕು ಎಂಬುದು ಲೆಕ್ಕ. ಕಾಗದದ ಮೇಲೆ ಸರಿಯಿದ್ದ ಈ ಉಪಾಯ, ತನ್ನ ಹೊಲದ ಒಂದು ಪಟ್ಟಿಯನ್ನು ಹುಳಕ್ಕೆಂದೇ ಬೆಳೆಸು ಎಂದು ಸಾಲದಲ್ಲಿರುವ ರೈತನನ್ನು ಕೇಳಿತು. ಬಹುಪಾಲು ಕಡೆ ಆ ಚಿಕ್ಕ ಪಾಕೀಟು ಬದುವಿನ ಮೇಲೇ ಉಳಿಯಿತು. ರೈತರು ಮಾತು ಕೇಳಲಿಲ್ಲ ಎಂದು ದೂರುವುದು ಸುಲಭ. ಬಳಸುವವನ ಸ್ವಾರ್ಥಕ್ಕೆ ವಿರುದ್ಧವಾದ ಸೂಚನೆಯ ಮೇಲೆ ಆಯಸ್ಸನ್ನೇ ನಿಲ್ಲಿಸಿದ ಸರಕು ಕೆಟ್ಟ ವಿನ್ಯಾಸ ಎನ್ನುವುದೇ ಸರಿ. ಎರಡೂ ಬೀಜಗಳನ್ನು ಬೆರೆಸಿಯೇ ಮಾರುವ ಪದ್ಧತಿ ಬರುವ ಹೊತ್ತಿಗೆ ತಡವಾಗಿತ್ತು. ಗುಜರಾತಿನಲ್ಲಿ ಗುಲಾಬಿ ಹುಳ ಮೊದಲ ಪೀಳಿಗೆಯ ಬಿಟಿಯನ್ನು ಗೆದ್ದಿದೆಯೆಂದು ಮಾನ್ಸಾಂಟೊವೇ 2010ರಲ್ಲಿ ಒಪ್ಪಿಕೊಂಡಿತು. ಆನಂತರದ ವರ್ಷಗಳಲ್ಲಿ ರಾಯಚೂರು ಸೀಮೆಯಲ್ಲೂ ಬೋಲ್‌ಗಾರ್ಡ್–2ರ ಕಾಯಿಗಳೊಳಗೆ ಅದು ಕಾಣಿಸಿಕೊಂಡಿತು. ನೀರಿರುವ ಕಡೆ ಹತ್ತಿಯನ್ನು ಬೇಸಿಗೆಯವರೆಗೂ ಹೊಲದಲ್ಲಿ ಬಿಟ್ಟರೆ ಹುಳಕ್ಕೆ ವರ್ಷದ ಬಹುಭಾಗ ಆಹಾರ ಸಿಗುತ್ತದೆ. ಮಳೆ ನೆಚ್ಚಿದ ಹೊಲದಲ್ಲಿ ಬೆಳೆ ಬೇಗ ಮುಗಿದು ಹುಳದ ಸರಪಳಿ ಕಡಿಯುವ ಸಾಧ್ಯತೆ ಹೆಚ್ಚು. ಡಿಸೆಂಬರ್–ಜನವರಿಯೊಳಗೆ ಬೆಳೆ ತೆಗೆದು ಕಟ್ಟಿಗೆ ನಾಶ ಮಾಡಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಇದಕ್ಕೇ.

ಔಷಧ ಸಿಂಪಡಿಸುವ ಡ್ರೋನ್‌ನ ಕಥೆ ಚಿಕ್ಕದು. ಅದರ ಪೂರ್ವಜ ಜಪಾನಿನ ಭತ್ತದ ಗದ್ದೆಗಳಿಗಾಗಿ ಯಮಹಾ 1987ರಲ್ಲಿ ತಂದ ಆರ್–50 ಎಂಬ ಚಾಲಕರಹಿತ ಹೆಲಿಕಾಪ್ಟರ್. ಈಗಿನ ಬ್ಯಾಟರಿ ಡ್ರೋನ್ ಹತ್ತು ಲೀಟರ್ ದ್ರಾವಣದಲ್ಲಿ ಒಂದೆಕರೆಯನ್ನು ಹತ್ತು ನಿಮಿಷದೊಳಗೆ ಮುಗಿಸುತ್ತದೆ. 2023ರಲ್ಲಿ ಕೇಂದ್ರ ಒಪ್ಪಿದ ‘ನಮೋ ಡ್ರೋನ್ ದೀದಿ’ ಯೋಜನೆ ಮಹಿಳಾ ಸ್ವಸಹಾಯ ಗುಂಪುಗಳ ಕೈಗೆ ಇದನ್ನು ಕೊಡಲು ಹೊರಟಿದೆ. ಬಾಡಿಗೆಯ ಅಳತೆ ಎಕರೆ. ಲೇಸರ್ ಲೆವೆಲರ್ ತುಳಿದ ದಾರಿಯೇ ಇದರದೂ.

ಯಾವ ಅಳತೆಗೂ ಇನ್ನೂ ಒಗ್ಗದಿರುವುದು ಮೊಬೈಲಿನಲ್ಲಿ ಬರುವ ಸಲಹೆ. 2016ರ ಮುಂಗಾರಿನಲ್ಲಿ ತುಂಗಭದ್ರೆಯಾಚೆಯ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದಲ್ಲಿ ಮೈಕ್ರೊಸಾಫ್ಟ್ ಮತ್ತು ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸೇರಿ 175 ಶೇಂಗಾ ರೈತರಿಗೆ ಯಾವಾಗ ಬಿತ್ತಬೇಕೆಂದು ತೆಲುಗಿನಲ್ಲಿ ಎಸ್‌ಎಂಎಸ್ ಕಳಿಸಿದವು. ಹಳೆಯ ಮಳೆ ದಾಖಲೆ, ಮಣ್ಣಿನ ತೇವ, ಹವಾಮಾನ ಮುನ್ಸೂಚನೆಗಳನ್ನು ಕಂಪ್ಯೂಟರ್ ತೂಗಿ ಹೇಳಿದ ದಿನವದು. ಮೊದಲ ಮಳೆಗೇ ಬಿತ್ತದೆ ಕಾದವರಿಗೆ ಸರಾಸರಿ ಶೇ 30ರಷ್ಟು ಹೆಚ್ಚು ಇಳುವರಿ ಬಂತೆಂದು ಸಂಸ್ಥೆಗಳು ವರದಿ ಮಾಡಿದವು. ಮರುವರ್ಷ ಕರ್ನಾಟಕದ ಹಳ್ಳಿಗಳೂ ಸೇರಿ ರೈತರ ಸಂಖ್ಯೆ 3,000 ದಾಟಿತು. ಅದೇ 2017ರ ಅಕ್ಟೋಬರಿನಲ್ಲಿ ಕರ್ನಾಟಕ ಕೃಷಿ ಬೆಲೆ ಆಯೋಗ ತೊಗರಿಯ ಧಾರಣೆಯನ್ನು ಮೂರು ತಿಂಗಳು ಮುಂಚೆ ಅಂದಾಜಿಸುವ ಮಾದರಿಗಾಗಿ ಮೈಕ್ರೊಸಾಫ್ಟ್ ಜತೆ ಒಪ್ಪಂದ ಮಾಡಿಕೊಂಡಿತು. ತೊಗರಿ ಧಾರಣೆ ಒಂದು ವರ್ಷ ಮುಗಿಲಿಗೇರಿ ಮರುವರ್ಷ ಪಾತಾಳಕ್ಕಿಳಿದದ್ದನ್ನು ಆಗಷ್ಟೇ ಕಂಡಿದ್ದ ಲಿಂಗಸುಗೂರು, ಮಸ್ಕಿಯ ಒಣಭೂಮಿ ರೈತರಿಗೆ ಇದಕ್ಕಿಂತ ಬೇಕಾದ ಸರಕು ಇನ್ನೊಂದಿರಲಾರದು.

ಆದರೂ ಅದು ಅಂಗಡಿಯ ಸರಕಾಗಲಿಲ್ಲ. ಶೇಂಗಾ ರೈತರಿಗೆ ಸಲಹೆ ಉಚಿತ, ಖರ್ಚು ಸಂಸ್ಥೆಗಳದು. ಯೋಜನೆ ನಡೆಯುವಷ್ಟು ದಿನ ಸಂದೇಶ. ಬೆಲೆಯ ಮುನ್ಸೂಚನೆಗೆ ಇನ್ನೂ ಒಂದು ತೊಡಕಿದೆ: ಎಲ್ಲರೂ ಅದನ್ನು ನಂಬಿ ಒಂದೇ ವಾರ ಮಾರುಕಟ್ಟೆಗೆ ತೊಗರಿ ತಂದರೆ ಮುನ್ಸೂಚನೆಯೇ ಸುಳ್ಳಾಗುತ್ತದೆ. ಲೆವೆಲರ್ ಸರಿಯಾಗಿ ಮಟ್ಟ ಮಾಡದಿದ್ದರೆ ಚಾಲಕನನ್ನು ಮತ್ತೆ ಕರೆಸಬಹುದು. ಬೀಜ ಮೊಳೆಯದಿದ್ದರೆ ಪಾಕೀಟಿನ ಮೇಲಿನ ಲಾಟ್ ನಂಬರ್ ಹಿಡಿದು ಕೃಷಿ ಇಲಾಖೆಗೂ ಗ್ರಾಹಕರ ನ್ಯಾಯಾಲಯಕ್ಕೂ ಹೋಗಬಹುದು. ಕಾಯಿರಿ ಎಂದ ಸಂದೇಶ ನಂಬಿ ಹದ ತಪ್ಪಿಸಿಕೊಂಡವನು ಹೋಗಿ ಕೇಳಬಹುದಾದ ಬಾಗಿಲು ಯಾವುದೆಂಬುದನ್ನು ಸಲಹೆ ಮಾರಲು ಹೊರಟ ಯಾವ ಕಂಪನಿಯಾದರೂ ಮೊದಲು ಗೊತ್ತುಮಾಡಬೇಕಾಗುತ್ತದೆ. ದರದ ಪ್ರಶ್ನೆ ಬರುವುದು ಅದಾದ ಮೇಲೆ.